ತಿದ್ದುವವರು ಯಾರು?

ಕೇಳುಗರಿಗೆ ನಮಸ್ಕಾರ.

ಕಳೆದ ತಿಂಗಳು ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ತಾಯಿ ನನ್ನನ್ನು ಹಿಡಿದು ನಿಲ್ಲಿಸಿದರು. ಪಕ್ಕದಲ್ಲಿ ಸೆಕೆಂಡ್ ಪಿಯುಸಿ ಓದುವ ಮಗಳು. "ಮೇಡಂ, ಇವಳು ಚಿತ್ರ ಚೆನ್ನಾಗಿ ಬರೀತಾಳೆ. ಕತೆ ಪುಸ್ತಕಕ್ಕೆ ಚಿತ್ರ ಬರೆಯೋದೇ ಕೆಲಸ ಮಾಡ್ಕೋತೀನಿ ಅಂತ ಹಠ. ನಾಲ್ಕು ವರ್ಷ ಕಾಲೇಜಿಗೆ ಹಾಕ್ಬೇಕಾ, ಇಲ್ಲ ಮೊಬೈಲ್ ನೋಡ್ಕೊಂಡು ಮನೇಲೇ ಕಲಿತ್ರೆ ಸಾಕಾ?" ಅಷ್ಟರಲ್ಲಿ ಶಿವಮೊಗ್ಗದ ಬಸ್ಸು ಹೊರಟಿತು. ನಾನು ಏನೋ ಅರ್ಧಂಬರ್ಧ ಹೇಳಿ ಹತ್ತಿಬಿಟ್ಟೆ. ಆ ತಾಯಿ ಈಗ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ರೇಡಿಯೋ ಹಾಕಿಕೊಂಡಿದ್ದರೆ, ಉಳಿದರ್ಧ ಇವತ್ತು ಕೇಳಲಿ.

ಅಮ್ಮಾ, ಕಾಲೇಜಾ ಮನೆಯಾ ಅನ್ನುವುದನ್ನು ಪಕ್ಕಕ್ಕಿಡಿ. ನಾನು ಕೇಳುವುದು ಒಂದೇ. ನಿಮ್ಮ ಮಗಳ ಚಿತ್ರ ನೋಡಿ "ಇದು ತಪ್ಪು, ಇಲ್ಲಿ ತಪ್ಪು" ಎಂದು ಹೇಳುವವರು ಯಾರಿದ್ದಾರೆ? ಚೆನ್ನಾಗಿದೆ ಅನ್ನುವವರು ಬೇಡ, ಅವರು ಊರ ತುಂಬ ಇದ್ದಾರೆ. ತಿದ್ದುವವರು ಯಾರು?

ನಾನು ನಾಲ್ಕು ವರ್ಷ ಕಾಲೇಜಿನಲ್ಲಿ ಕಲಿತವಳು. ಅಲ್ಲಿಂದ ಬಂದ ಹೊಸತು. ಮಕ್ಕಳ ಪುಸ್ತಕವೊಂದಕ್ಕೆ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಕತೆಯಲ್ಲಿ ಅಡಿಕೆ ಕೊಯ್ಲು ಬರುತ್ತದೆ. ನಾನು ಹುಟ್ಟಿದ್ದೇ ಅಡಿಕೆ ತೋಟದ ಪಕ್ಕ, ನನಗೆ ಗೊತ್ತಿಲ್ಲದ್ದೇನು ಎಂದು ಮನೆಯಲ್ಲೇ ಕೂತು ಬರೆದೆ. ಎರಡು ಪುಟ ಪೂರ್ತಿ ಹರಡಿದ ಚಿತ್ರ. ಸಾಲು ಮರಗಳು, ಬಿಸಿಲು, ಮರದ ತುದಿಯಲ್ಲಿ ಒಬ್ಬ ಮನುಷ್ಯ, ಅವನ ಕೈಯಿಂದ ಕೆಳಗೆ ಬೀಳುತ್ತಿರುವ ಅಡಿಕೆ ಕೊನೆ, ಅಂದರೆ ಗೊಂಚಲು. ಜಲವರ್ಣ. ಮಳೆಗಾಲದ ಥಂಡಿಗೆ ಬಣ್ಣ ಒಣಗದೆ ಬಚ್ಚಲ ಒಲೆಯ ಪಕ್ಕ ಇಟ್ಟು ಒಣಗಿಸಿದೆ, ಅಷ್ಟು ಮುತುವರ್ಜಿ.

ಆ ವರ್ಷ ಕೊಯ್ಲಿಗೆ ಬಂದ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರು ಜಗಲಿಯಲ್ಲಿ ಕೂತು ಚಾ ಕುಡಿಯುತ್ತಿದ್ದರು. ಹೊಗಳಿಕೆ ಕೇಳುವ ಆಸೆ ನನಗೆ. ಒಳಗಿನಿಂದ ಚಿತ್ರ ತಂದು ಅವರ ಮುಂದೆ ಹಿಡಿದೆ.

ಅವರು ಲೋಟ ಕೆಳಗಿಟ್ಟರು. ಕೈಯನ್ನು ಪಂಚೆಗೆ ಒರೆಸಿಕೊಂಡರು. ಹಾಳೆಯನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಇವ ಯಾಕೆ ಲೈಟುಕಂಬ ಹತ್ತಿದಾನೆ ಅಮ್ಮ?"

"ಕಂಬ ಅಲ್ಲ ಗೌಡ್ರೇ, ಅಡಿಕೆ ಮರ."

"ಅಡಿಕೆ ಮರ ಆಗಿದ್ರೆ ಬಾಗ್‌ಬೇಕಲ್ಲ? ತುದೀಲಿ ಒಬ್ಬ ಆಳು ಕೂತಿದಾನೆ. ಇದು ಅಲ್ಲಾಡಿದ್ದೂ ಕಾಣ್ಸಲ್ಲ."

ನನಗೆ ಮುಖ ಕೆಂಪಾಯಿತು. ಅವರು ನಿಲ್ಲಿಸಲಿಲ್ಲ. "ಕಾಲಿಗೆ ತಳೆ ಎಲ್ಲಿ? ತಳೆ ಇಲ್ದೆ ಹ್ಯಾಗೆ ಹತ್ತಿದ? ಕೊನೆ ಕೆಳಗೆ ಬಿಸಾಕಿದಾನೆ. ಕಾಯಿ ಉದುರಿ ತೋಟ ಎಲ್ಲ ಚದುರಿದ್ರೆ ಹೆಕ್ಕೋರು ಯಾರು, ನೀವಾ? ನೇಣು ಎಲ್ಲಿ? ಕೆಳಗೆ ನೇಣು ಹಿಡಿಯೋನು ಎಲ್ಲಿ?"

ತೋಟದವರಿಗೆ ಇದು ಗೊತ್ತು. ಪೇಟೆಯ ಕೇಳುಗರಿಗಾಗಿ ಹೇಳುತ್ತೇನೆ. ತಳೆ ಅಂದರೆ ಮರ ಹತ್ತುವಾಗ ಕಾಲಿಗೆ ಹಾಕಿಕೊಳ್ಳುವ ಬಳೆಯಂಥ ಹಗ್ಗ. ಕೊನೆಗೌಡರು ಮೇಲಿನಿಂದ ಒಂದು ಹಗ್ಗ ಬಿಡುತ್ತಾರೆ, ಅದೇ ನೇಣು. ಅದರ ಇನ್ನೊಂದು ತುದಿಯನ್ನು ಕೆಳಗೆ ದೂರದಲ್ಲಿ ಒಬ್ಬರು ಎಳೆದು ಹಿಡಿದಿರುತ್ತಾರೆ. ಕೊಯ್ದ ಕೊನೆ ಆ ಹಗ್ಗದ ಮೇಲೆ ಸರ್ರನೆ ಜಾರಿ ಬರುತ್ತದೆ, ಕಾಯಿ ಚೆಲ್ಲುವುದಿಲ್ಲ. ಒಂದು ಮರ ಮುಗಿದರೆ ಕೊನೆಗೌಡರು ಇಳಿಯುವುದೂ ಇಲ್ಲ. ಕೂತ ಮರವನ್ನೇ ತೂಗಿ, ಬಾಗಿಸಿ, ಪಕ್ಕದ ಮರಕ್ಕೆ ದಾಟಿಕೊಳ್ಳುತ್ತಾರೆ. ಇಪ್ಪತ್ತು ವರ್ಷ ಇದನ್ನು ಪ್ರತಿ ಕೊಯ್ಲಿನಲ್ಲೂ ನೋಡಿದ್ದೆ. ನೋಡಿದ್ದೆ ಎಂದುಕೊಂಡಿದ್ದೆ. ಕಾಗದದ ಮೇಲೆ ಬಂದದ್ದು ಮಾತ್ರ ತೆಂಗಿನ ಮರ ಹತ್ತುವವನ ಹಾಗಿದ್ದ ಯಾರೋ ಒಬ್ಬ.

ಮಾರನೆ ದಿನ ಸ್ಕೆಚ್‌ಬುಕ್ ಹಿಡಿದು ತೋಟಕ್ಕೆ ಹೋದೆ. ಮೂರು ದಿನ ಕತ್ತೆತ್ತಿ ನಿಂತು ಬರೆದೆ. ಅಂಗಾಲು ಮರಕ್ಕೆ ಒತ್ತುವ ರೀತಿ, ಹೆಬ್ಬೆರಳು ಹೊರಕ್ಕೆ ಚಾಚುವ ರೀತಿ, ಮರ ಬಾಗಿದಾಗ ಬೆನ್ನು ಅದರ ಎದುರು ದಿಕ್ಕಿಗೆ ವಾಲುವುದು. ಕುತ್ತಿಗೆ ನೋವಿಗೆ ರಾತ್ರಿ ಎಣ್ಣೆ ತಿಕ್ಕಿಕೊಂಡೆ. ಕಾಲೇಜಿನಲ್ಲಿ ಮಾಡೆಲ್ ಕೂರಿಸಿ ದೇಹ ಬರೆಯುವುದು ಕಲಿಸಿದ್ದರಲ್ಲ, ಅದು ಇಲ್ಲಿ ಉಪಯೋಗಕ್ಕೆ ಬಂತು. ಇಲ್ಲದಿದ್ದರೆ ಅಷ್ಟು ಬೇಗ ಆ ಕಾಲು ನನ್ನ ಕೈಗೆ ಸಿಗುತ್ತಿರಲಿಲ್ಲ. ಆದರೆ ತಪ್ಪು ಹಿಡಿದವರು ಕೊನೆಗೌಡರು. ತಿದ್ದುವವರು ಎಂದು ನಾನು ಹೇಳುವುದು ಇಂಥವರನ್ನು.

ನನಗೆ ಕೊಟ್ಟಿರುವ ಹತ್ತು ನಿಮಿಷದಲ್ಲಿ ಅರ್ಧವನ್ನು ಕೊನೆಗೌಡರೇ ತಿಂದರು. ಇರಲಿ. ಉಳಿದದ್ದು ಬೇಗ ಬೇಗ.

ಕಾಲೇಜು. ಪಿಯುಸಿ ಆದ ಮೇಲೆ ನಾಲ್ಕು ವರ್ಷದ ಬಿ.ವಿ.ಎ., ಅಂದರೆ ದೃಶ್ಯಕಲೆಯ ಪದವಿ ಇದೆ. ಮೈಸೂರಿನ ಚಾಮರಾಜೇಂದ್ರ ಕಾಲೇಜು, ನಾವು ಕಾವಾ ಅನ್ನುವುದು, ಸರ್ಕಾರದ್ದು. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಕಾಲೇಜಿದೆ. ಸರ್ಕಾರಿ ಕಾಲೇಜಿಗೂ ಖಾಸಗಿ ಕಾಲೇಜಿಗೂ ಶುಲ್ಕದಲ್ಲಿ ಅಜಗಜಾಂತರ, ಹಾಸ್ಟೆಲ್ಲು ಬಣ್ಣ ಕಾಗದದ ಖರ್ಚು ಬೇರೆ. ಡ್ರಾಯಿಂಗ್ ಮೇಷ್ಟರ ಕೆಲಸ ಬೇಕೆಂದರೆ ಸರ್ಟಿಫಿಕೇಟ್ ಬೇಕೇ ಬೇಕು, ಆಗ ಯೋಚನೆ ಮಾಡುವುದೇ ಬೇಡ, ಹೋಗಿ. ಆದರೆ ಪುಸ್ತಕ ಮಾಡುವವರು ಯಾರೂ ನನ್ನ ಮಾರ್ಕ್ಸ್‌ಕಾರ್ಡ್ ಈವರೆಗೆ ಕೇಳಿಲ್ಲ. ಹತ್ತು ಚಿತ್ರ ತೋರಿಸಿ ಅನ್ನುತ್ತಾರೆ, ಅಷ್ಟೇ. ಹಾಗಾದರೆ ಕಾಲೇಜಿನಲ್ಲಿ ಸಿಗುವುದೇನು? ನಿಮ್ಮ ಹಾಳೆಯನ್ನು ಗೋಡೆಗೆ ಅಂಟಿಸಿ ಇಪ್ಪತ್ತು ಜನ ನೋಡುತ್ತಾರೆ. ಮೇಷ್ಟರು ಎಲ್ಲರೆದುರು ಬೈಯುತ್ತಾರೆ. ಆ ಬೈಗುಳಕ್ಕೆ ನೀವು ಕೊಡುವ ದುಡ್ಡು ಅದು. ಬೈಯದ ಕಾಲೇಜಾದರೆ ದುಡ್ಡು ದಂಡ.

ಮನೆಯಲ್ಲೇ ಕಲಿಯುವುದು. ಮಾಡಬಹುದು. ಕಂಪ್ಯೂಟರಿದ್ದರೆ ಕ್ರಿತಾ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಇಲ್ಲವೇ ಒಂದು ಪೆನ್ಸಿಲ್ ಸಾಕು. ಪಾಠ ಹೇಳುವ ವಿಡಿಯೋಗಳಿಗೂ ಬರ ಇಲ್ಲ. ಒಂದೇ ತೊಂದರೆ. ನೀವು ಯೂಟ್ಯೂಬನ್ನು ನೋಡುತ್ತೀರಿ, ಅದು ನಿಮ್ಮ ಹಾಳೆಯನ್ನು ನೋಡುವುದಿಲ್ಲ. ಒಬ್ಬರೇ ಕಲಿತವರ ಚಿತ್ರ ನಾನು ದೂರದಿಂದಲೇ ಗುರುತಿಸುತ್ತೇನೆ. ಕೈ ಬರೆಯಲು ಬಾರದವರು ಎಲ್ಲರ ಕೈಗಳನ್ನೂ ಜೇಬಿನೊಳಗೆ, ಬೆನ್ನ ಹಿಂದೆ ಇಟ್ಟಿರುತ್ತಾರೆ. ಪಾದ ಬಾರದವರು ಹುಲ್ಲು ಬೆಳೆಸುತ್ತಾರೆ. ನಗಬೇಡಿ, ಕಾಲೇಜಿಗೆ ಹೋಗುವ ಮೊದಲು ನನ್ನ ಚಿತ್ರಗಳಲ್ಲಿ ಮೊಣಕಾಲೆತ್ತರ ಹುಲ್ಲಿತ್ತು.

ಈ ಮಾತು ಬಂದ ಕೂಡಲೇ ಯಾರಾದರೊಬ್ಬರು ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಹೆಸರು ತೆಗೆಯುತ್ತಾರೆ. ಮುಂಬೈಯ ಜೆ.ಜೆ. ಕಲಾಶಾಲೆ ಅವರಿಗೆ ಸೀಟು ಕೊಡಲಿಲ್ಲ, ಆದರೂ ಅಷ್ಟು ದೊಡ್ಡವರಾದರು, ಕಾಲೇಜು ಯಾಕೆ ಅಂತ. ಕೇಳಿ ಕೇಳಿ ನನಗೆ ಸಾಕಾಗಿದೆ. ಅವರು ಮೈಸೂರಿನಲ್ಲಿ ಓದುತ್ತಿದ್ದಾಗಲೇ ಅಣ್ಣ ಆರ್.ಕೆ. ನಾರಾಯಣ್ ಕತೆಗಳಿಗೆ ಹಿಂದೂ ಪತ್ರಿಕೆಯಲ್ಲಿ ಚಿತ್ರ ಬರೆದರು. 1942ರಲ್ಲಿ ಶುರುವಾದ ನಮ್ಮ ಹಾಸ್ಯಪತ್ರಿಕೆ ಕೊರವಂಜಿಗೂ ಬರೆದರು. ಪತ್ರಿಕೆ ಎಂದರೆ ಏನು? ಹೊತ್ತಿಗೆ ಸರಿಯಾಗಿ ಚಿತ್ರ ಕೊಡಬೇಕು, ಸಂಪಾದಕರು ನೋಡುತ್ತಾರೆ, ಓದುಗರಿಗೆ ನಗು ಬರದಿದ್ದರೆ ಅದೂ ಗೊತ್ತಾಗುತ್ತದೆ. ಕಾಲೇಜಿಲ್ಲದಿದ್ದರೂ ತಿದ್ದುವವರಿದ್ದರು. ಬಾಗಿಲು ಹಾಕಿಕೊಂಡು ಕೂತು ಲಕ್ಷ್ಮಣ್ ಆದವರಲ್ಲ ಅವರು.

ಅಷ್ಟು ದೂರ ಯಾಕೆ ಹೋಗಬೇಕು. ನಮ್ಮ ಸಾಗರ, ಸೊರಬದ ಕಡೆ ದೀವರು ಎಂಬ ಸಮುದಾಯದವರ ಮನೆಗಳ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಹುಡುಗಿಯರು ಅಜ್ಜಿಯ, ಅಮ್ಮನ ಪಕ್ಕ ಕೂತು ಕಲಿಯುತ್ತಾರೆ. ಎಳೆ ಸೊಟ್ಟಗಾದರೆ ಅಜ್ಜಿಗೆ ಆಗಲೇ ಕಂಡುಬಿಡುತ್ತದೆ. ಅದು ಕಾಲೇಜೂ ಅಲ್ಲ, ಒಬ್ಬರೇ ಕಲಿತದ್ದೂ ಅಲ್ಲ.

ಹಾಗಾಗಿ ಅಮ್ಮಾ, ದುಡ್ಡಿಗೆ ಅನುಕೂಲ ಇದ್ದು ಮಗಳಿಗೆ ಬೈಸಿಕೊಳ್ಳುವ ಗಟ್ಟಿತನ ಇದ್ದರೆ ಕಾಲೇಜಿಗೆ ಕಳಿಸಿ. ಇಲ್ಲದಿದ್ದರೆ ಸಾಲ ಮಾಡಬೇಡಿ, ಮನೆಯಲ್ಲೇ ಕಲಿಯಲಿ. ಆದರೆ ವಾರಕ್ಕೊಂದು ಸಲ ಚಿತ್ರ ಹೊರಗೆ ಹೋಗಬೇಕು. ಎಮ್ಮೆ ಬರೆದರೆ ಎಮ್ಮೆ ಹಾಲು ಕರೆಯುವವರಿಗೆ ತೋರಿಸಲಿ. ಸೀರೆಯ ನೆರಿಗೆ ಬರೆದರೆ ನಿಮಗೆ ತೋರಿಸಲಿ, ನೀವು ಸುಮ್ನೆ ಚೆನ್ನಾಗಿದೆ ಅನ್ನಬೇಡಿ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟರಿಗೆ ತೋರಿಸಲಿ, ಚಿತ್ರಕಲೆಯ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟಿಸಿದವರು ಅವರೇ ಅಲ್ವಾ. ಪ್ರೆಸ್ಸಿಗೂ ಹೋಗಲಿ. ಎರಡು ಪುಟದ ಚಿತ್ರದಲ್ಲಿ ಅಜ್ಜಿಯ ಮುಖವನ್ನು ನಟ್ಟನಡುವೆ ಬರೆದರೆ ಮೂಗು ಹೊಲಿಗೆಯೊಳಗೆ ಹೋಗುತ್ತದೆ ಎಂದು ನನಗೆ ಹೇಳಿದ್ದು ಒಬ್ಬ ಬೈಂಡರು.

ಆ ಅಡಿಕೆ ಪುಸ್ತಕ ಅಚ್ಚಾಗಿ ಬಂದಾಗ ಒಂದು ಪ್ರತಿಯನ್ನು ಕೊನೆಗೌಡರ ಮನೆಗೇ ಒಯ್ದು ಕೊಟ್ಟೆ. ಮರ ಬಾಗಿತ್ತು, ತಳೆ ಇತ್ತು, ನೇಣು ಇತ್ತು, ಹಿಡಿಯುವವನೂ ಇದ್ದ. ಅವರು ಅದೇ ಪುಟ ತೆಗೆದು ಬೆಳಕಿಗೆ ಹಿಡಿದರು. ಮೊಮ್ಮಗನನ್ನು ಕರೆದು ತೋರಿಸಿದರು. ನಾನು ಕಾಯುತ್ತಾ ನಿಂತೆ.

"ಎಲ್ಲಾ ಸರಿ ಇದೆ ಅಮ್ಮ," ಅಂದರು. "ನೇಣು ಒಂಚೂರು ಸಡಿಲ ಆಯ್ತು. ಇಷ್ಟು ಜೋಲು ಬಿದ್ರೆ ಕೊನೆ ಅರ್ಧಕ್ಕೇ ನಿಲ್ಲುತ್ತೆ."

ಎರಡನೇ ಮುದ್ರಣದಲ್ಲಿ ಬಿಗಿ ಮಾಡಿದ್ದೇನೆ. ನಮಸ್ಕಾರ.