ಮೊದಲ ವರ್ಷದ ತರಗತಿ

ಕೇಳುಗರಿಗೆ ನಮಸ್ಕಾರ. ವಿಶ್ವವಿದ್ಯಾಲಯದಲ್ಲಿ 34 ವರ್ಷ ಗಣಿತ ಹೇಳಿಕೊಟ್ಟೆ. ಅಷ್ಟು ವರ್ಷವೂ ಪದವಿಯ ಮೊದಲ ವರ್ಷದ ತರಗತಿಯನ್ನು ನಾನಾಗಿಯೇ ಕೇಳಿ ಪಡೆದೆ. 'ಅದನ್ನೆಲ್ಲ ಹೊಸಬರಿಗೆ ಬಿಡಿ, ನೀವು ಸಂಶೋಧನೆ ನೋಡಿಕೊಳ್ಳಿ' ಎಂದವರು ಬಹಳ ಜನ. ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಮೊದಲ ವರ್ಷಕ್ಕೇ ಪಳಗಿದ ಮೇಷ್ಟ್ರು ಬೇಕು.

ಒಮ್ಮೆ ಹಲಗೆಯ ಮೇಲೆ ಒಂದು, ಎರಡನೇ ಒಂದು, ಮೂರನೇ ಒಂದು, ನಾಲ್ಕನೇ ಒಂದು ಎಂದು ಬರೆದೆ. ಹೀಗೇ ಕೂಡಿಸುತ್ತ ಹೋದರೆ ಮೊತ್ತಕ್ಕೆ ಮಿತಿಯೇ ಇಲ್ಲ ಎಂದೆ. ಮರುದಿನ ಹಿಂದಿನ ಬೆಂಚಿನ ಹುಡುಗಿ ನೋಟ್‌ಬುಕ್ ಹಿಡಿದು ಎದ್ದಳು. 'ಸರ್, ಕಂಪ್ಯೂಟರಿನಲ್ಲಿ 1000 ಪದ ಕೂಡಿಸಿದೆ. ಏಳೂವರೆ ಕೂಡ ಆಗಲಿಲ್ಲ. ಸೇರಿಸೋದೇ ಸಣ್ಣದಾಗ್ತಾ ಹೋದ್ರೆ ಎಲ್ಲೋ ನಿಲ್ಲಲೇಬೇಕಲ್ಲ?'

ಎಂಥ ಒಳ್ಳೆಯ ಪ್ರಶ್ನೆ! ನಾನು ಉತ್ತರ ಹೇಳಲಿಲ್ಲ, ಸೀಮೆಸುಣ್ಣ ಕೊಟ್ಟೆ. 'ಒಂದೊಂದೇ ಕೂಡಿಸಬೇಡ, ಕಟ್ಟು ಕಟ್ಟು. ಮೂರನೇ ಒಂದು, ನಾಲ್ಕನೇ ಒಂದು, ಎರಡೂ ಸೇರಿದರೆ?' 'ಅರ್ಧಕ್ಕಿಂತ ಜಾಸ್ತಿ.' 'ಮುಂದಿನ ನಾಲ್ಕು?' ಐದನೇ ಒಂದರಿಂದ ಎಂಟನೇ ಒಂದರವರೆಗೆ ಗೆರೆ ಎಳೆದಳು. ಯಾವುದೂ ಎಂಟನೇ ಒಂದಕ್ಕಿಂತ ಕಡಿಮೆ ಇಲ್ಲ. ಅಂಥವು ನಾಲ್ಕು. ಮತ್ತೆ ಅರ್ಧ ದಾಟಿತು. 'ಮುಂದಿನ ಎಂಟು?' ಸೀಮೆಸುಣ್ಣ ನಿಂತಿತು. 'ಸರ್, ಅರ್ಧ ಸಿಗ್ತಾನೇ ಇರುತ್ತೆ!'

14ನೇ ಶತಮಾನದಲ್ಲಿ ಫ್ರಾನ್ಸಿನ ವಿದ್ವಾಂಸ ಒರೆಮ್ ಕಂಡ ದಾರಿ ಇದು. ಆ ಹೆಸರನ್ನು ಆಮೇಲೆ ಹೇಳಿದೆ. ಅವಳ ಲೆಕ್ಕವೂ ಸರಿಯಾಗಿಯೇ ಇತ್ತು. ಈ ಮೊತ್ತ ಬೆಳೆಯುವುದು ಅಷ್ಟು ನಿಧಾನ, 10 ಲಕ್ಷ ಪದ ಸೇರಿಸಿದರೂ 15 ಮುಟ್ಟುವುದಿಲ್ಲ. ಮೊತ್ತಕ್ಕೆ ಮಿತಿಯಿಲ್ಲ ಎಂಬುದರ ಪುರಾವೆಯನ್ನು ನಾನೇ ಎರಡು ಸಾಲಿನಲ್ಲಿ ಬರೆದು 'ಕೂತ್ಕೋ' ಅಂದುಬಿಡಬಹುದಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಹಾಗೆ ಮಾಡಿದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ, ಮೊದಲ ವರ್ಷಕ್ಕೆ ಪಳಗಿದವರು ಬೇಕು.

ಪಾಠದಿಂದ ಸಂಶೋಧನೆಗೆ ಅಡ್ಡಿ ಎನ್ನುವವರು ಜರ್ಮನಿಯ ಗಣಿತಜ್ಞ ಡೆಡೆಕಿಂಡ್‌ನನ್ನು ನೆನೆಯಲಿ. 1858ರಲ್ಲಿ ಜ್ಯೂರಿಕ್‌ನಲ್ಲಿ ಕಲನಶಾಸ್ತ್ರದ, ಅಂದರೆ ಕ್ಯಾಲ್ಕುಲಸ್‌ನ, ಆರಂಭದ ಪಾಠ ಹೇಳುವಾಗಲೇ ತನ್ನ ಕಾಲಕೆಳಗೆ ಗಟ್ಟಿ ನೆಲವಿಲ್ಲ ಎಂದು ಅವನಿಗೆ ಅನಿಸಿದ್ದು. ವಾಸ್ತವ ಸಂಖ್ಯೆಗಳಿಗೆ, ಅಂದರೆ ಸಂಖ್ಯಾರೇಖೆಯ ಮೇಲಿನ ಎಲ್ಲ ಸಂಖ್ಯೆಗಳಿಗೆ, ಅವನು ಕಟ್ಟಿದ ಬುನಾದಿ ಹುಟ್ಟಿದ್ದು ಅಲ್ಲಿ. 1872ರಲ್ಲಿ ಅದನ್ನು ಪ್ರಕಟಿಸಿದ.

ಪಠ್ಯಪುಸ್ತಕ, ಪರೀಕ್ಷೆ ಕುರಿತು ಹೇಳಬೇಕಿತ್ತು, ಸಮಯವಿಲ್ಲ. ಉತ್ತರಪತ್ರಿಕೆ ತಿದ್ದುವಾಗ ಉದ್ದಕ್ಕೆ ಕೆಂಪು ಗೀಟು ಎಳೆಯಬೇಡಿ, ಯಾವ ಸಾಲಿನಲ್ಲಿ ಜಾರಿದರೋ ಅಲ್ಲಿ ಗುರುತು ಹಾಕಿ. ವಿಭಾಗದ ಮುಖ್ಯಸ್ಥರು ಯಾರಾದರೂ ಕೇಳುತ್ತಿದ್ದರೆ, ಮುಂದಿನ ವರ್ಷದ ವೇಳಾಪಟ್ಟಿಯಲ್ಲಿ ಮೊದಲ ವರ್ಷದ ಎದುರು ನಿಮ್ಮ ಹೆಸರನ್ನೇ ಬರೆದುಕೊಳ್ಳಿ. ನಮಸ್ಕಾರ.