ನನಗೆ ಲಿಫ್ಟ್ ಅಂದ್ರೆ ಆಗಲ್ಲ

ಕೇಳುಗರೇ, ನಮಸ್ಕಾರ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಲಿಫ್ಟ್ ಅಂದ್ರೆ ಆಗಲ್ಲ. ಬಾಗಿಲು ಮುಚ್ಚಿ, ಮೇಲಿನ ಫ್ಯಾನು ಗುಂಯ್ ಅಂದರೆ ಸಾಕು, ಅಂಗೈ ಒದ್ದೆಯಾಗುತ್ತದೆ. ಅಂಗಿಯ ಮೇಲಿನ ಗುಂಡಿ ಬಿಚ್ಚಬೇಕು ಅನ್ನಿಸುತ್ತದೆ. ನೆಂಟರ ಮನೆ ಐದನೇ ಮಹಡಿಯಲ್ಲಿದೆ. ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತರೆ, "ಲಿಫ್ಟ್ ಕೆಟ್ಟಿದೆಯಾ?" ಅಂತ ಕೇಳುತ್ತಾರೆ. "ಇಲ್ಲ, ಸುಮ್ನೆ ವ್ಯಾಯಾಮಕ್ಕೆ" ಅನ್ನುತ್ತೇನೆ.

ಜಿರಳೆಯಾಗಲಿ, ಹಾಗಲಕಾಯಿಯಾಗಲಿ, ಓರಗಿತ್ತಿಯಾಗಲಿ, ನಾವು ಎಲ್ಲಕ್ಕೂ 'ಆಗಲ್ಲ' ಅಂದು ಮುಗಿಸುತ್ತೇವೆ. ವೈದ್ಯರು ಹಾಗೆ ಬಿಡುವುದಿಲ್ಲ. ನನ್ನದಕ್ಕೆ ಕ್ಲಾಸ್ಟ್ರೋಫೋಬಿಯಾ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಕ್ಲಾಸ್ಟ್ರಮ್ ಅಂದರೆ ಅಗುಳಿ. ಅಗುಳಿ ಬಿದ್ದ ಜಾಗದ ಭಯ. ಬಾಲಕ್ಕಿರುವ 'ಫೋಬಿಯಾ' ಗ್ರೀಕರದು. ಅವರ ಪುರಾಣದಲ್ಲಿ ಯುದ್ಧದೇವರ ಮಗ ಫೋಬೋಸ್. ರಣರಂಗದಲ್ಲಿ ದಿಗಿಲು ಹುಟ್ಟಿಸುವುದೇ ಅವನ ಕೆಲಸ. 1877ರಲ್ಲಿ ಕಂಡುಬಂದ ಮಂಗಳ ಗ್ರಹದ ಒಂದು ಚಂದ್ರನಿಗೂ ಅವನದೇ ಹೆಸರು.

ಆಕ್ರೋ ಅಂದರೆ ತುದಿ, ಎತ್ತರ. ಅಥೆನ್ಸ್‌ನ ಗುಡ್ಡದ ಮೇಲಿನ ಹಳೇ ಕೋಟೆ ಆಕ್ರೊಪೊಲಿಸ್‌ನ ಹೆಸರಲ್ಲಿರುವುದೂ ಅದೇ. ಎತ್ತರದ ಭಯ ಆಕ್ರೋಫೋಬಿಯಾ. ಜೇಡದ ಭಯ ಅರಾಕ್ನೋಫೋಬಿಯಾ. ಅಗೋರಾ ಅಂದರೆ ಊರಿನ ಸಂತೆಬಯಲು. 1871ರಲ್ಲಿ ಬರ್ಲಿನ್ನಿನ ವೈದ್ಯ ಕಾರ್ಲ್ ವೆಸ್ಟ್‌ಫಾಲ್, ದೊಡ್ಡ ಚೌಕ ದಾಟಲು ಕಾಲೇ ಏಳದವರನ್ನು ಕಂಡು ಅಗೋರಾಫೋಬಿಯಾ ಅಂದ. ಈಗ ಬಸ್ಸು, ಜನಜಂಗುಳಿ, ಒಬ್ಬರೇ ಮನೆಯಿಂದ ಹೊರಡುವುದು, ಇವೆಲ್ಲ ಅದರೊಳಗೆ ಸೇರಿವೆ. ಅಲ್ಲಿ ಏನಾದರೂ ಆದರೆ ತಪ್ಪಿಸಿಕೊಳ್ಳುವುದು ಹೇಗೆ, ಯಾರು ಬರುತ್ತಾರೆ ಅನ್ನುವುದೇ ಅದರ ತಿರುಳು.

ಕೆಲವು ಹೆಸರುಗಳು ದಾರಿ ತಪ್ಪಿಸುತ್ತವೆ. ಹೈಡ್ರೋಫೋಬಿಯಾ ಅಂದರೆ ನೀರಿನ ಭಯ ಅಂತ ಅರ್ಥ. ಆದರೆ ಅದು ಹುಚ್ಚುನಾಯಿ ರೋಗದ ಲಕ್ಷಣ. ನೀರು ಕುಡಿಯಹೋದರೆ ಗಂಟಲ ಸ್ನಾಯುಗಳು ಹಿಂಡಿಕೊಂಡು ವಿಪರೀತ ನೋವಾಗುತ್ತದೆ. ಕೊನೆಗೆ ಲೋಟ ಕಂಡರೂ ರೋಗಿ ಬೆಚ್ಚುತ್ತಾನೆ. ಫೋಟೋಫೋಬಿಯಾದಲ್ಲಂತೂ ಭಯವೇ ಇಲ್ಲ. ಮೈಗ್ರೇನ್ ಬಂದಾಗ ಬೆಳಕು ಸಹಿಸಲಾಗುವುದಿಲ್ಲ ನೋಡಿ, ಅದು.

ನನಗೆ ವಿಚಿತ್ರ ಅನ್ನಿಸುವುದು ರಕ್ತದ ಭಯ, ಹೀಮೋಫೋಬಿಯಾ. ಹಾವು ಕಂಡರೆ ಎದೆ ಡವಡವ ಹೊಡೆದುಕೊಂಡು ರಕ್ತದೊತ್ತಡ ಏರುತ್ತದೆ. ರಕ್ತ ಕಂಡವರಲ್ಲೂ ಮೊದಲು ಏರುತ್ತದೆ, ಆಮೇಲೆ ದಿಢೀರನೆ ಇಳಿಯುತ್ತದೆ. ಕಣ್ಣು ಕತ್ತಲೆ ಬಂದು ಧೊಪ್ಪೆಂದು ಬೀಳುತ್ತಾರೆ. ಅದಕ್ಕೇ ಇವರಿಗೆ ಮೈ ಸಡಿಲ ಬಿಡಿ ಅನ್ನುವುದಿಲ್ಲ. ಕೈಕಾಲಿನ ಸ್ನಾಯು ಬಿಗಿ ಹಿಡಿಯಿರಿ ಅನ್ನುತ್ತಾರೆ. ಒತ್ತಡ ಇಳಿಯದಂತೆ ಅದು ತಡೆಯುತ್ತದೆ.

ಹದಿಮೂರರ ಅಂಕಿಗೆ ಹೆದರುವುದಕ್ಕೂ ಟ್ರಿಸ್ಕೈಡೆಕಾಫೋಬಿಯಾ ಅಂತ ಹೆಸರಿದೆ. ಹೆಸರಿಗಿಂತ ಹೆದರಿಕೆಯೇ ವಾಸಿ, ಅಲ್ವಾ? ಹೆಸರಿದ್ದ ಮಾತ್ರಕ್ಕೆ ಕಾಯಿಲೆ ಅಲ್ಲ. ಭಯ ಆರು ತಿಂಗಳಿಗೂ ಜಾಸ್ತಿ ಕಾಡಿ, ದಿನದ ಕೆಲಸಕ್ಕೇ ಅಡ್ಡ ಬಂದರೆ ಮಾತ್ರ ವೈದ್ಯರು ಫೋಬಿಯಾ ಎನ್ನುವುದು. ಆಗ ಮಾತ್ರೆಗಿಂತ ಹೆಚ್ಚು ಕೆಲಸ ಮಾಡುವುದು ಅಭ್ಯಾಸ. ಹೆದರಿದ್ದರ ಹತ್ತಿರ ಮೆಲ್ಲಗೆ, ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು.

ನಾನೂ ಶುರು ಮಾಡಿದ್ದೇನೆ. ಮೊದಲ ವಾರ ಬಾಗಿಲು ತೆರೆದ ಲಿಫ್ಟಿನೊಳಗೆ ಸುಮ್ಮನೆ ನಿಂತೆ. ಆಮೇಲೆ ಒಂದೇ ಒಂದು ಮಹಡಿ. ಈ ಸ್ಟುಡಿಯೋ ಎರಡನೇ ಮಹಡಿಯಲ್ಲಿದೆ. ಬರುವಾಗ ಲಿಫ್ಟಿನಲ್ಲೇ ಬಂದೆ, ಗುಂಡಿ ಬಿಚ್ಚಿಕೊಂಡು. ಹೋಗುವಾಗಿನದು ಇನ್ನೂ ತೀರ್ಮಾನವಾಗಿಲ್ಲ.

ನಮಸ್ಕಾರ.