ಗಡ್ಡೆಯೊಳಗೆ ರಕ್ತ ಹೆಂಗೆ ಓಡಾಡುತ್ತೆ

ಎಲ್ಲರಿಗೂ ನಮಸ್ಕಾರ. ಕ್ಯಾನ್ಸರ್ ಟ್ರೀಟ್‌ಮೆಂಟ್‌ಗೆ ಅಂತ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಕಡೆಯಿಂದ ಮೈಸೂರಿಗೋ ಮಂಗಳೂರಿಗೋ ಹೋಗಿ ಬಂದವ್ರು ಕೇಳೋ ಮಾತು ಇದು, ಸ್ಕ್ಯಾನಲ್ಲಿ ಗಡ್ಡೆ ಅಷ್ಟೇ ಇದೆಯಂತೆ, ಹಂಗಾದ್ರೆ ಔಷಧಿ ಹಿಡೀಲಿಲ್ವಾ ಅಂತ. ಸೈಜ್ ಒಂದನ್ನೇ ನೋಡಿ ಹೇಳೋಕಾಗಲ್ಲ ಕಣ್ರೀ, ಒಳಗೆ ರಕ್ತ ಹೆಂಗೆ ಓಡಾಡ್ತಿದೆ ಅನ್ನೋದನ್ನೂ ನೋಡ್ಬೇಕು.

ಒಂದೆರಡು ಮಿಲಿಮೀಟರ್ ದಾಟಿ ಬೆಳೀಬೇಕಂದ್ರೆ ಗಡ್ಡೆಗೆ ಹೊಸ ರಕ್ತನಾಳ ಬೇಕೇ ಬೇಕು ಅಂತ ಅಮೆರಿಕಾದ ಸರ್ಜನ್ ಜುಡಾ ಫೋಕ್‌ಮನ್ 1971ರಲ್ಲೇ ಬರೆದ್ರು. ಆದ್ರೆ ಗಡ್ಡೆ ಅವಸರದಲ್ಲಿ ಹುಟ್ಟಿಸ್ಕೊಳ್ಳೋ ನಾಳಗಳು ಸೊಟ್ಟಂಬಟ್ಟ, ಮೇಲಾಗಿ ಸೋರ್ತವೆ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ವಾಷರ್ ಹೋಗಿರೋ ಜಾಯಿಂಟಲ್ಲಿ ನೀರು ಪೋಲಾಗಿ ಮುಂದಿನ ಜೆಟ್ಟಿಗೆ ಪ್ರೆಷರ್ರೇ ಇರಲ್ವಲ್ಲ, ಹಂಗೆ.

ಈ ಸೋರಿಕೆನೇ ಡಾಕ್ಟರಿಗೆ ಸುಳಿವು. ಎಂಆರ್‌ಐ ಒಳಗೆ ಮಲಗಿಸಿ ಕೈ ನರಕ್ಕೆ ಗ್ಯಾಡೋಲಿನಿಯಂ ಅನ್ನೋ ಲೋಹ ಇರೋ ಔಷಧಿ ಬಿಡ್ತಾರೆ (ಇದು ಕ್ಯಾನ್ಸರ್ ಔಷಧಿ ಅಲ್ಲ, ಸ್ಕ್ಯಾನಲ್ಲಿ ಎದ್ದು ಕಾಣೋಕೆ ಅಂತ ಕೊಡೋದು), ಅರವತ್ತು ಕೆಜಿ ಇರೋವ್ರಿಗೆ ಸಾಮಾನ್ಯವಾಗಿ 12 ಎಂಎಲ್ ಅಷ್ಟೇ, ಆಮೇಲೆ ಕೆಲವು ನಿಮಿಷ ಬಿಡದೆ ಕೆಲವೇ ಸೆಕೆಂಡಿಗೊಂದು ಫೋಟೋ ತೆಗೀತಾ ಹೋಗ್ತಾರೆ, ಆಗ ಗಡ್ಡೆಯ ಒಂದೊಂದು ಚುಕ್ಕೆಗೂ ಒಂದೊಂದು ಗ್ರಾಫ್ ಸಿಗುತ್ತೆ, ಅಲ್ಲಿ ಹೊಳಪು ಎಷ್ಟು ಬೇಗ ಏರಿತು, ಎಷ್ಟು ಬೇಗ ಇಳೀತು ಅಂತ. ಪಕ್ಕದ ದೊಡ್ಡ ರಕ್ತನಾಳದಲ್ಲಿ ಅದೇ ಹೊತ್ತಿಗೆ ಔಷಧಿ ಎಷ್ಟಿತ್ತು ಅಂತಾನೂ ಅಳೀಬೇಕು, ಬಂದಿದ್ದೆಷ್ಟು ಗೊತ್ತಿಲ್ದೆ ಒಳಗೆ ಹೋಗಿದ್ದೆಷ್ಟು ಅಂತ ಹೇಳೋದು ಹೆಂಗೆ? ಇವೆರಡನ್ನೂ ಸೇರಿಸಿ ಲೆಕ್ಕ ಹಾಕೋ ಮಾಡೆಲ್‌ಗಳಲ್ಲಿ ಜಾಸ್ತಿ ಬಳಕೆಲಿರೋದು ಬ್ರಿಟನ್ನಿನ ವಿಜ್ಞಾನಿ ಪಾಲ್ ಟಾಫ್ಟ್ಸ್ ಅವರದ್ದು, 1991ರದ್ದು. ಅದ್ರಿಂದ ಬರೋ ಮುಖ್ಯ ನಂಬರ್ರಿಗೆ ಕೆ-ಟ್ರಾನ್ಸ್ ಅಂತಾರೆ, ರಕ್ತದಿಂದ ಈ ಸ್ಕ್ಯಾನ್ ಔಷಧಿ ಹೊರಗಿನ ಟಿಶ್ಯೂಗೆ ದಾಟೋ ವೇಗ ಅದು.

ರಕ್ತನಾಳ ಬೆಳೆಯೋದನ್ನ ತಡೆಯೋ ಬೆವಾಸಿಝುಮ್ಯಾಬ್‌ನಂಥ ಔಷಧಿ ಕೊಟ್ಟಾಗ ಗಡ್ಡೆ ಕುಗ್ಗೋಕೆ ಮುಂಚೆನೇ ಈ ನಂಬರ್ ಇಳಿಯೋದುಂಟು. ರೇಡಿಯೇಷನ್‌ಗೂ ಇದು ಬೇಕಾದ ವಿಷಯ, ರಕ್ತ ಹೋಗದಿರೋ ಕಡೆ ಆಕ್ಸಿಜನ್ ಇರಲ್ಲ, ಆಕ್ಸಿಜನ್ ಇಲ್ದಿರೋ ಜೀವಕೋಶ ಸಾಯೋಕೆ ಎರಡೂವರೆ ಮೂರು ಪಟ್ಟು ಡೋಸ್ ಬೇಕಾಗುತ್ತೆ.

ಹಂಗಂತ ಈ ನಂಬರನ್ನ ಕಣ್ಣುಮುಚ್ಚಿ ನಂಬೋದು ನನಗಂತೂ ಒಪ್ಪಿಗೆ ಇಲ್ಲ. ಇಳಿದಿದ್ದು ಸೋರಿಕೆ ನಿಂತಿದ್ದಕ್ಕೋ, ರಕ್ತ ಬರೋದೇ ಕಮ್ಮಿ ಆಗಿದ್ದಕ್ಕೋ, ಅದೊಂದರಿಂದಲೇ ಗೊತ್ತಾಗಲ್ಲ. ಮೆಷಿನ್ ಬದಲಾದ್ರೂ ಲೆಕ್ಕ ಆಚೀಚೆ ಆಗುತ್ತೆ, ಅದಕ್ಕೇ ಮೊದಲ ಸಲ ಮಾಡ್ಸಿದ ಕಡೆನೇ ಎರಡನೇದನ್ನೂ ಮಾಡ್ಸೋಕೆ ನೋಡಿ. ಕಿಡ್ನಿ ತೊಂದರೆ ಇರೋವ್ರು ಕ್ರಿಯಾಟಿನಿನ್ ಅನ್ನೋ ಕಿಡ್ನಿ ಟೆಸ್ಟ್ ರಿಪೋರ್ಟ್ ಮರೀದೆ ತಗೊಂಡು ಹೋಗಿ. ಮಳೆಗಾಲದ ಕೆಮ್ಮು ಇದ್ರೆ ಒಳಗೆ ಹೋಗೋ ಮುಂಚೆನೇ ಟೆಕ್ನಿಷಿಯನ್‌ಗೆ ಹೇಳ್ಬಿಡಿ, ಮಧ್ಯದಲ್ಲಿ ಮೈ ಅಲ್ಲಾಡಿದ್ರೆ ಗ್ರಾಫೆಲ್ಲಾ ಕೆಟ್ಟು ಹೋಗುತ್ತೆ.